ಪಾದದ ಬಳಿ ಬಿದ್ದ ಬೆಳಕು

ಅವರು ಹೋಗಿಬಿಟ್ಟರಂತೆ ಎಂದು ಹೋಟೆಲಿನಲ್ಲಿ ಯಾರೋ ಹೇಳಿದಾಗ ನನ್ನ ಬಾಯಿಂದ ಹೊರಟ ಮೊದಲ ಮಾತು, ‘ನಿಮಗೆ ಯಾರು ಹೇಳಿದ್ರು?’ ಎಂಬುದು. ಹೇಳಿದವನು ನನ್ನ ಮುಖವನ್ನು ಒಂಥರಾ ನೋಡಿದ. ಸಾವಿನ ಸುದ್ದಿಗೆ ಹಾಗೆ ಕೇಳಬಾರದೆಂದು ನನಗೂ ಗೊತ್ತು. ಆದರೆ ಅವರ ವಿಷಯದಲ್ಲಿ ಯಾವುದನ್ನೂ ಒಂದೇ ಏಟಿಗೆ ನಂಬಿ ನನಗೆ ಅಭ್ಯಾಸವಿಲ್ಲ. ದೊಡ್ಡಬಳ್ಳಾಪುರದಲ್ಲಿ ನಾನು ಡ್ರಾಯಿಂಗ್ ಮೇಷ್ಟ್ರಾಗಿದ್ದ ಅಷ್ಟೂ ವರ್ಷ ಅವರು ನನ್ನನ್ನು ಅನುಮಾನಿಸಿದರು, ನಾನು ಅವರನ್ನು ಅನುಮಾನಿಸಿದೆ. ಹಾಗಿದ್ದೂ ವಾರಕ್ಕೆರಡು ಸಲವಾದರೂ ಒಟ್ಟಿಗೆ ಕೂತು ಕಾಫಿ ಕುಡಿಯುತ್ತಿದ್ದೆವು. ಇದಕ್ಕೆ ಸ್ನೇಹ ಎನ್ನಬೇಕೋ ಕಾವಲು ಎನ್ನಬೇಕೋ ನನಗೆ ಇವತ್ತಿಗೂ ತಿಳಿಯದು.

ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಅವರ ಫೋಟೋ ಸ್ಟುಡಿಯೋ ಇತ್ತು. ಮುಂಭಾಗದಲ್ಲಿ ಎಲ್ಲ ಸ್ಟುಡಿಯೋಗಳಂತೆ ಮದುಮಕ್ಕಳ ಫೋಟೋ, ನಾಮಕರಣದ ಕೂಸುಗಳ ಫೋಟೋ ತೂಗುಹಾಕಿದ್ದರು. ಒಳಗಿನ ಕೋಣೆಗೆ ಮಾತ್ರ ಯಾವಾಗಲೂ ಬೀಗ. ಯಾವ ಊರು, ಯಾವ ಜನ ಎಂದು ಕೇಳಿದರೆ ಬೆಂಗಳೂರು ಅನ್ನುತ್ತಿದ್ದರು. ಬೆಂಗಳೂರಿನಲ್ಲಿ ಎಲ್ಲಿ ಎಂದರೆ ದಂಡಿನ ಕಡೆ ಅನ್ನುತ್ತಿದ್ದರು. ಅಲ್ಲಿಂದ ಮುಂದಕ್ಕೆ ಊರಿನ ಯಾವ ಗಟ್ಟಿಗನಿಗೂ ಹೋಗಲಾಗಿರಲಿಲ್ಲ. ಚಿತ್ರಗಳನ್ನು ಅಚ್ಚು ಹಾಕಲು ಲೋಹದ ತಗಡಿಗೆ ಇಳಿಸುವ ಬ್ಲಾಕಿನ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದು, ಬಿಟ್ಟು ಬಂದವರು ಎಂಬುದಷ್ಟೇ ಗೊತ್ತಿತ್ತು. ಬಿಟ್ಟು ಬಂದರೋ, ಬಿಡಿಸಿ ಕಳಿಸಿದರೋ? ಸುತ್ತಿ ಬಳಸಿ ನಾನು ಎಷ್ಟೋ ಸಲ ಕೇಳಿದ್ದೇನೆ. ಅವರು ಉತ್ತರವನ್ನೂ ಕೊಡದೆ, ನಿಮಗ್ಯಾಕೆ ಎಂದೂ ಗದರದೆ, ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ, ಒಂದು ಕಣ್ಣು ಕಿರಿದು ಮಾಡಿ ನನ್ನನ್ನು ನೋಡುತ್ತಿದ್ದರು.

ಆ ನೋಟ ಊರಿಗೆಲ್ಲ ಪರಿಚಿತವಾಗಿತ್ತು. ಅವರು ಯಾವುದನ್ನೂ ನೇರವಾಗಿ ನೋಡಿದವರಲ್ಲ. ಹೋಟೆಲಿನ ಮಾಣಿ ಕಾಫಿ ತಂದಿಟ್ಟರೆ ಲೋಟವನ್ನು ವಾಲಿಸಿ ಮೇಲ್ಮೈ ನೋಡುತ್ತಿದ್ದರು. ಅಂಗಡಿಯಲ್ಲಿ ಹೊಸ ಬಟ್ಟೆ ಕೊಳ್ಳುವಾಗ ಥಾನನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಅಂಚಿನಿಂದ ನೋಡುತ್ತಿದ್ದರು. ಫೋಟೋ ತೆಗೆಸಿಕೊಳ್ಳಲು ಬಂದ ಮದುಮಗಳ ಮುಖವನ್ನೂ ಹಾಗೇ ಓರೆಯಾಗಿ ನೋಡಿದ್ದಕ್ಕೆ ಹುಡುಗಿಯ ಅಣ್ಣಂದಿರು ಕೈ ಎತ್ತಲು ಹೋದದ್ದೂ ಉಂಟು. ಮೂಗಿನ ಮೇಲಿನ ಎಣ್ಣೆ ಜಿಡ್ಡು ನೋಡ್ತಿದ್ದೆ ಕಣಯ್ಯಾ ಎಂದು ಅವರು ಹೇಳಿದ್ದನ್ನು ಆ ಅಣ್ಣಂದಿರು ನಂಬಿದರೋ ಇಲ್ಲವೋ, ನಾನಾಗಿದ್ದರೆ ನಂಬುತ್ತಿರಲಿಲ್ಲ.

ಇನ್ನು ಅವರ ಬಟ್ಟೆ. ವರ್ಷವಿಡೀ ಕಪ್ಪು ಷರಟು, ಕಂದು ಪ್ಯಾಂಟು. ಎಲ್ಲರೂ ಬಿಳಿ ಷರಟು, ಬಿಳಿ ಪಂಚೆಯಲ್ಲಿ ಓಡಾಡುತ್ತಿದ್ದ ಕಾಲ ಅದು. ಮದರಾಸಿನ ಕಡೆ ದೇವರಿಲ್ಲ ಎನ್ನುವವರು ಹೀಗೇ ಕಪ್ಪು ಹಾಕುತ್ತಾರಂತೆ, ಇವರೂ ಅದೇ ಗುಂಪಿನವರು ಎಂದು ನಮ್ಮ ಶಾಲೆಯ ಹೆಡ್‌ಮಾಸ್ಟರು ಪತ್ತೆ ಮಾಡಿದ್ದರು. ನನಗೂ ಅದು ಸರಿ ಅನ್ನಿಸಿತ್ತು. ನಿಜವಾದ ಕಾರಣ ಅವರು ಒಂದು ಪಟದ ಫೋಟೋ ತೆಗೆಯುವಾಗ ಎದುರಿಗೆ ನಿಂತು ನೋಡಿದ ಮೇಲೆ ತಿಳಿಯಿತು.

ಎಣ್ಣೆಬಣ್ಣದ ಪಟದ ಫೋಟೋ ತೆಗೆಯುವುದೇ ಅವರ ನಿಜವಾದ ಕಸುಬು. ಮದುವೆ, ನಾಮಕರಣ ಎಲ್ಲ ಹೊಟ್ಟೆಪಾಡು. ಆ ದಿನಗಳಲ್ಲಿ ಅನುಕೂಲಸ್ಥರ ಮನೆಗಳಲ್ಲಿ ಹಿರಿಯರದ್ದೋ ದೇವರದ್ದೋ ಒಂದು ಎಣ್ಣೆಬಣ್ಣದ ಪಟ ಇರುತ್ತಿತ್ತು. ಅಣ್ಣತಮ್ಮಂದಿರು ಬೇರೆಯಾದಾಗ ಪಟಕ್ಕೆ ಪ್ರತಿ ಬೇಕಾಗುತ್ತಿತ್ತು. ಆದರೆ ಒಣಗಿದ ಎಣ್ಣೆಬಣ್ಣ ಗಾಜಿನ ಹಾಗೆ ಹೊಳೆಯುತ್ತದೆ. ಬ್ರಷ್ಷು ಬಿಟ್ಟುಹೋದ ಒಂದೊಂದು ಏಣೂ ಬೆಳಕನ್ನು ಹಿಡಿದು ಕ್ಯಾಮರಾದ ಕಡೆಗೆ ಎಸೆಯುತ್ತದೆ. ಗೊತ್ತಿಲ್ಲದವರು ತೆಗೆದರೆ ಹಿರಿಯರ ಮುಖದಲ್ಲಿ ಮೂಗಿರುವ ಜಾಗದಲ್ಲಿ ಬಿಳಿ ಮಚ್ಚೆ ಇರುತ್ತದೆ. ಅವರು ಇದಕ್ಕೆ ಶೈನಿಂಗು ಎನ್ನುತ್ತಿದ್ದರು. ಆ ಮಾತನ್ನು ಹೇಳುವಾಗ ಅವರ ದನಿ ಮನೆಗೆ ಕಳ್ಳ ನುಗ್ಗಿದಾಗ ಪಿಸುಗುಟ್ಟುವವರ ದನಿಯಾಗುತ್ತಿತ್ತು.

ಕಿಟಕಿಗಳಿಗೆ ಕಂಬಳಿ ಬಡಿದು ಕೋಣೆಯನ್ನು ಕತ್ತಲು ಮಾಡುವರು. ಪಟದ ಎಡಕ್ಕೊಂದು ಬಲಕ್ಕೊಂದು ದೀಪ, ಎರಡೂ ಸಮದೂರ, ಎರಡೂ ಓರೆ. ಪಟದ ನಡುವೆ ಒಂದು ಪೆನ್ಸಿಲನ್ನು ನೆಟ್ಟಗೆ ಹಿಡಿದು, ಎರಡೂ ಕಡೆ ಬೀಳುವ ನೆರಳು ಒಂದೇ ಉದ್ದ, ಒಂದೇ ಕಪ್ಪು ಇದೆಯೇ ಎಂದು ನೋಡುವರು. ಕ್ಯಾಮರಾದ ಮುಂದೆಯೇ ಕಪ್ಪು ಬಟ್ಟೆ ಕಟ್ಟಿ, ಲೆನ್ಸಿಗಷ್ಟೇ ತೂತು ಬಿಡುವರು. ಕ್ಯಾಮರಾದ ಹಿತ್ತಾಳೆ ಹೊಳೆದರೆ ಅದೂ ಪಟದ ಮೇಲೆ ಕಾಣಿಸುತ್ತದಂತೆ. ಅದಕ್ಕೇ ಬಿಳಿ ಬಟ್ಟೆಯವರಿಗೆ ಒಳಗೆ ಪ್ರವೇಶವಿಲ್ಲ. ಉಂಗುರ, ಗಡಿಯಾರ ತೆಗೆಯಬೇಕು. ಇಷ್ಟಾದ ಮೇಲೂ ಪಟದ ಮುಂದೆ ಕುಕ್ಕರಗಾಲಲ್ಲಿ ಕೂತು, ವಾಲಿ, ಎದ್ದು, ಮತ್ತೆ ವಾಲಿ, ‘ಎಲ್ಲಿಂದ ಬರ್ತಾ ಇದೆ ಇದು?’ ಎಂದು ತಮ್ಮಷ್ಟಕ್ಕೆ ಕೇಳಿಕೊಳ್ಳುವರು. ಆಮೇಲೆ ಕೋಣೆಯಲ್ಲಿದ್ದವರನ್ನು ಒಬ್ಬೊಬ್ಬರನ್ನಾಗಿ ನೋಡುವರು. ಅವರ ಲೆಕ್ಕದಲ್ಲಿ ಶೈನಿಂಗು ತಾನಾಗಿ ಬರುವುದಿಲ್ಲ, ಯಾರೋ ತಂದಿರುತ್ತಾರೆ.

ಹೊಸಕೋಟೆಯ ಕಡೆಯ ಒಬ್ಬ ಪಟೇಲರ ಮನೆಯಲ್ಲಿ ತೀರಿಹೋದ ಯಜಮಾನರ ಪಟ ತೆಗೆಯಲು ಹೋದಾಗ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಬಣ್ಣದ ಏಣುಗಳು ಮೇಲ್ಮುಖವಾಗಿ ಬೆಳಕು ಹಿಡಿಯುತ್ತಿವೆ ಎಂದು ಹೇಳಿ ಯಜಮಾನರನ್ನು ತಲೆಕೆಳಗು ಮಾಡಿ ಇಟ್ಟರು. ಅಷ್ಟರಲ್ಲಿ ಮಗ ಬಾಗಿಲು ತೆರೆದ. ಅವನು ಕಂಡದ್ದು ಕತ್ತಲೆ ಕೋಣೆಯಲ್ಲಿ ಅಪ್ಪ ತಲೆಕೆಳಗಾಗಿರುವುದನ್ನು, ಮುಂದೆ ಕಪ್ಪು ಬಟ್ಟೆಯ ಇಬ್ಬರು ಕೂತಿರುವುದನ್ನು. ಮಾಟ ಮಾಡಿಸುತ್ತಿದ್ದಾರೆಂದು ಊರೇ ಸೇರಿತು. ಅವರು ಎಲ್ಲರ ನಡುವೆ ನಿಂತು ಹೇಳಿದ್ದು ಒಂದೇ, ಬಾಗಿಲು ಹಾಕಿ, ಬೆಳಕು ಬರ್ತಿದೆ ಅಂತ. ಅಲ್ಲಿಂದ ಬದುಕಿ ಬಂದದ್ದು ನನ್ನ ಬಾಯಿಯ ಪುಣ್ಯ. ಅದಕ್ಕೆ ಅವರು ಯಾವತ್ತೂ ಉಪಕಾರ ನೆನೆಯಲಿಲ್ಲ. ಬದಲಿಗೆ, ಬಾಗಿಲ ಚಿಲಕ ಹಾಕದೆ ಬಿಟ್ಟವನು ನಾನೇ ಅಲ್ಲವೇ ಎಂದು ಬಸ್ಸಿನಲ್ಲಿ ಬರುವಾಗ ಎರಡು ಸಲ ಕೇಳಿದರು.

ಈಗ ಅಮ್ಮನವರ ಪಟದ ವಿಷಯಕ್ಕೆ ಬರುತ್ತೇನೆ. ನಮ್ಮಿಬ್ಬರ ನಡುವಿನ ಕಥೆ ಎಂದರೆ ಅದೇ.

ಊರಿನಲ್ಲಿ ಸೀರೆ ವ್ಯಾಪಾರದ ಒಬ್ಬ ಸಾಹುಕಾರರಿದ್ದರು. ಮಗ್ಗದ ಮನೆಗಳಿಂದ ಸೀರೆ ಕೊಂಡು ಹೊರಗಿನ ಊರುಗಳಿಗೆ ಕಳಿಸುತ್ತಿದ್ದವರು. ತಮ್ಮ ಕುಲದೇವತೆಯ ದೊಡ್ಡ ಪಟವನ್ನು ಎಣ್ಣೆಬಣ್ಣದಲ್ಲಿ ಬರೆಸಿ, ಅದನ್ನು ಬಣ್ಣದಲ್ಲಿ ಅಚ್ಚು ಹಾಕಿಸಿ, ದೀಪಾವಳಿಗೆ ಗಿರಾಕಿಗಳಿಗೆಲ್ಲ ಹಂಚಬೇಕೆಂದು ಅವರ ಆಸೆ. ಬರೆಯುವ ಕೆಲಸ ನನಗೆ ಬಂತು. ನಾನು ತೂಬಗೆರೆಯ ರೈತರ ಮನೆಯವನು. ಮನೆಯವರೆಲ್ಲ ನೇಗಿಲು ಹಿಡಿದರೆ ನಾನೊಬ್ಬ ಕುಂಚ ಹಿಡಿದೆ. ನಾನು ಬರೆದದ್ದು ಶಾಲೆಯ ಗೋಡೆಯನ್ನೂ ನೆಂಟರ ಮನೆಯನ್ನೂ ದಾಟಿ ಹೋಗಿರಲಿಲ್ಲ. ಈಗ ನಾನು ಬರೆದ ಅಮ್ಮ ಮನೆಮನೆಗೆ ಹೋಗುತ್ತಾಳೆ, ಕೆಳಗೆ ನನ್ನ ಹೆಸರು ಇರುತ್ತದೆ. ಶಾಲೆ ಬಿಟ್ಟ ಮೇಲೆ ದಿನಾ ಕೂತು ತಿಂಗಳುಗಟ್ಟಲೆ ಬರೆದೆ. ಅಮ್ಮನವರ ಬಲಪಾದದ ಪಕ್ಕ, ಪೀಠದ ಅಂಚಿನಲ್ಲಿ, ಕೆಂಪು ಬಣ್ಣದಲ್ಲಿ ಹೆಸರು ಬರೆದೆ. ಸಣ್ಣದಾಗಿಯೇ ಬರೆದೆ, ಆದರೆ ಓದಲು ಬರುವಂತೆ ಬರೆದೆ. ಅಷ್ಟು ಆಸೆ ಇತ್ತು ನನಗೆ. ನಾಚಿಕೆಯೇನಿಲ್ಲ.

ಫೋಟೋ ತೆಗೆಯಲು ಇವರನ್ನು ಬಿಟ್ಟು ಬೇರೆ ಯಾರೂ ಇರಲಿಲ್ಲ. ಇವರೋ, ಪಟವನ್ನು ಸ್ಟುಡಿಯೋಕ್ಕೆ ಕಳಿಸಿ, ನಾನೊಬ್ಬನೇ ಇದ್ದು ತೆಗೆಯುತ್ತೇನೆ ಎಂದರು. ಯಾಕೆ ಒಬ್ಬರೇ? ನನ್ನ ತಲೆಗೆ ಹುಳ ಹೊಕ್ಕಿತು. ಬಣ್ಣದ ಅಚ್ಚಿಗೆ ಬೇರೆ ಬೇರೆ ಬಣ್ಣದ ಫಿಲ್ಟರು ಹಾಕಿ ಒಂದೇ ಪಟವನ್ನು ಹಲವು ಗಾಜಿನ ಪ್ಲೇಟುಗಳಿಗೆ ತೆಗೆಯಬೇಕು. ಅಂಥ ಒಂದು ಸುತ್ತಿನ ಜೊತೆ ಗುಟ್ಟಾಗಿ ಇನ್ನೊಂದು ಸುತ್ತು ತೆಗೆದು ಶಿವಕಾಶಿಯ ಕ್ಯಾಲೆಂಡರಿನವರಿಗೆ ಮಾರಿದರೆ ಕೇಳುವವರು ಯಾರು? ನಾನೂ ಕೋಣೆಯಲ್ಲಿರುತ್ತೇನೆ, ಪಟ ಸಾಹುಕಾರರ ಮನೆ ಬಿಟ್ಟು ಹೋಗುವುದಿಲ್ಲ ಎಂದು ಹಟ ಹಿಡಿದೆ. ಅವರು ಬಹಳ ಹೊತ್ತು ನನ್ನನ್ನು ಓರೆಯಾಗಿ ನೋಡಿ, ಕಪ್ಪು ಕಂಬಳಿ ಹೊದ್ದು ಮೂಲೆಯಲ್ಲಿ ಅಲ್ಲಾಡದೆ ಕೂರುವುದಾದರೆ ಆಗಲಿ ಎಂದರು.

ದಿನ ಗೊತ್ತು ಮಾಡುವುದರಲ್ಲಿ ಇನ್ನೊಂದು ತಮಾಷೆಯಾಯಿತು. ಊರಿನ ಪವರ್‌ಲೂಮುಗಳು ಓಡುತ್ತಿದ್ದರೆ ದೀಪ ಒಂದೇ ಸಮನೆ ಇರುವುದಿಲ್ಲ, ಏರುತ್ತದೆ ಇಳಿಯುತ್ತದೆ. ಮಗ್ಗಗಳಿಗೆ ರಜಾ ಇರುವ ಅಮಾವಾಸ್ಯೆಯ ದಿನವೇ ಆಗಬೇಕೆಂದು ಅವರು ಹೇಳಿದರು. ಅಮ್ಮನವರಿಗೆ ಅಮಾವಾಸ್ಯೆ ಶ್ರೇಷ್ಠ ಎಂದು ತಿಳಿದೇ ಈ ಮಾತು ಹೇಳಿದ್ದಾರೆ, ಮನುಷ್ಯ ಮೇಲೆ ಕಪ್ಪಾದರೂ ಒಳಗೆ ಭಕ್ತ ಎಂದು ಸಾಹುಕಾರರು ಸಂತೋಷಪಟ್ಟರು. ಆ ದಿನ ಬರುವ ತನಕ ಪಟ ಸಾಹುಕಾರರ ದೇವರ ಮನೆಯಲ್ಲಿತ್ತು.

ಅಮಾವಾಸ್ಯೆಯ ಬೆಳಿಗ್ಗೆ ಕಂಬಳಿ ಹೊದ್ದು ನಾನು ಮೂಲೆಯಲ್ಲಿ ಕೂತೆ. ದೀಪ ಹಚ್ಚಿದರು. ಪಟ ಧಗಧಗ ಹೊಳೆಯಿತು. ಮುಖವಿಲ್ಲ, ಕೈಯಿಲ್ಲ, ಬರೀ ಬಿಳುಪು. ಅವರು ದೀಪ ಹಿಂದೆ ಸರಿಸಿದರು, ಓರೆ ಮಾಡಿದರು, ಏನೂ ಆಗಲಿಲ್ಲ. ಕೊನೆಗೆ ಮೆಲ್ಲಗೆ ನನ್ನ ಕಡೆ ತಿರುಗಿ, ‘ಮೇಷ್ಟ್ರೇ, ವಾರ್ನಿಷ್ ಹೊಡೆದ್ರಾ?’ ಎಂದರು. ಅಚ್ಚು ಹಾಕಿಸಿ ಆಗುವ ತನಕ ವಾರ್ನಿಷ್ ಬಳಿಯಬಾರದೆಂದು ಅವರು ಮೊದಲೇ ಹೇಳಿದ್ದರು, ನಾನು ಬಳಿದಿರಲಿಲ್ಲ. ಆಣೆ ಮಾಡಿದೆ. ಅವರು ನಂಬಲಿಲ್ಲ. ತಮ್ಮ ಕೆಲಸ ಕೆಡಲಿ ಎಂದೇ ನಾನು ಮಾಡಿದ್ದೇನೆಂದು ಅವರ ಮುಖವೇ ಹೇಳುತ್ತಿತ್ತು.

ಆಮೇಲೆ ಅವರು ಪಟದ ಹತ್ತಿರ ಮೂಗು ತಂದು ಮೂಸಿದರು. ಕೊಬ್ಬರಿ ಎಣ್ಣೆ. ಸಾಹುಕಾರರ ವಯಸ್ಸಾದ ತಾಯಿಯನ್ನು ಕರೆಸಿ ಕೇಳಿದೆವು. ಅವರು ಖುಷಿಯಿಂದ ಒಪ್ಪಿಕೊಂಡರು. ಅಮ್ಮನವರು ಫೋಟೋ ತೆಗೆಸಿಕೊಳ್ಳುವ ದಿನ ಕಳೆಗುಂದಿ ಇರಬಾರದಲ್ಲ, ಅದಕ್ಕೇ ಬೆಳಗಾಗೆದ್ದು ಮಡಿಯಲ್ಲಿ ಎಣ್ಣೆ ಒರೆಸಿ ಫಳಫಳ ಮಾಡಿದ್ದರು, ಗುಡಿಯ ಕಲ್ಲಿನ ಮೂರ್ತಿಗೆ ಮಾಡುವ ಹಾಗೆ. ಅಜ್ಜಿ ಹೋದ ಮೇಲೆ ಮಧ್ಯಾಹ್ನದ ತನಕ ಹತ್ತಿಯಲ್ಲಿ ಎಣ್ಣೆ ಒತ್ತಿ ತೆಗೆದೆವು, ಅವರು ಮೇಲಿಂದ, ನಾನು ಕೆಳಗಿಂದ. ನನ್ನ ಬಗ್ಗೆ ಪಟ್ಟ ಅನುಮಾನಕ್ಕೆ ಒಂದು ಮಾತಾದರೂ ಹೇಳಬಹುದಿತ್ತು. ಬದಲಿಗೆ, ಅಜ್ಜಿಗೆ ಯಾರು ಹೇಳಿಕೊಟ್ಟರೋ ಎಂದು ಗೊಣಗಿದರು.

ಮಧ್ಯಾಹ್ನ ಮೊದಲ ಸುತ್ತು ತೆಗೆದರು. ಆಗ ಅವರು ನನ್ನನ್ನು ಕರೆದು ಕ್ಯಾಮರಾದ ಹಿಂದಿನ ಗಾಜಿನಲ್ಲಿ ನೋಡಲು ಬಿಟ್ಟರು. ಅಂಥ ಸಲಿಗೆ ಅವರು ಯಾರಿಗೂ ಕೊಟ್ಟದ್ದನ್ನು ನಾನು ಕಂಡಿಲ್ಲ. ಎಲ್ಲೂ ಒಂದು ಚುಕ್ಕೆ ಬಿಳುಪಿಲ್ಲ. ಅಮ್ಮನವರು, ಆ ಗಾಜಿನಲ್ಲಿ ಎಲ್ಲವೂ ಕಾಣುವಂತೆ ತಲೆಕೆಳಗಾಗಿ, ಆದರೆ ನಾನು ಬರೆದದ್ದಕ್ಕಿಂತ ಸ್ಪಷ್ಟವಾಗಿ ಕಾಣುತ್ತಿದ್ದರು. ನನ್ನ ಹೆಸರೂ ಕಾಣುತ್ತಿತ್ತು, ಒಂದೊಂದು ಅಕ್ಷರವೂ.

ಅಷ್ಟರಲ್ಲಿ ಹೊರಗಿನಿಂದ ಸಾಹುಕಾರರು ಅವರನ್ನು ಕರೆದರು. ಜಗಲಿಯಲ್ಲಿ ಇಬ್ಬರೂ ಏನೋ ಮಾತಾಡಿದರು, ನನಗೆ ಕೇಳಿಸಲಿಲ್ಲ. ಅವರು ಒಳಗೆ ಬಂದಾಗ ಮುಖ ಬಿಗಿದಿತ್ತು. ಇನ್ನೊಂದು ಸುತ್ತು ತೆಗೆಯುತ್ತೇನೆ ಎಂದರು. ಯಾಕೆಂದೆ. ಒಂದು ಜಾಸ್ತಿ ಇರಲಿ ಎಂದರು. ಆ ಮಾತಿಗೇ ಕಾಯುತ್ತಿದ್ದವನು ನಾನು, ಮೈಯೆಲ್ಲ ಕಿವಿಯಾಯಿತು. ಯಾರೂ ಬಾಗಿಲು ತೆರೆಯದಂತೆ ಹೋಗಿ ಒತ್ತಿ ಹಿಡಿದುಕೊಳ್ಳಿ ಎಂದು ನನ್ನನ್ನು ಬಾಗಿಲಿಗೆ ಕಳಿಸಿದರು. ಬೆನ್ನ ಹಿಂದೆ ದೀಪದ ಸ್ಟ್ಯಾಂಡು ನೆಲದ ಮೇಲೆ ಸರಿದ ಸದ್ದು ಕೇಳಿಸಿತು. ತಿರುಗಿ ನೋಡಿದೆ. ಅವರು ಬಲಗಡೆಯ ದೀಪವನ್ನು ಕೆಳಗಿಳಿಸಿ ಒಳಕ್ಕೆ ಜರುಗಿಸಿದ್ದರು. ಪೆನ್ಸಿಲು ಹಿಡಿಯಲಿಲ್ಲ. ಕುಕ್ಕರಗಾಲಲ್ಲಿ ಕೂರಲಿಲ್ಲ. ತೆಗೆದೇಬಿಟ್ಟರು.

ದೀಪಾವಳಿಯ ಮುಂಚೆ ಅಚ್ಚಾದ ಪಟಗಳು ಬಂದವು. ಸಾಹುಕಾರರ ಅಂಗಡಿಯಲ್ಲಿ ಸುರುಳಿ ಬಿಚ್ಚಿದಾಗ ಇಂಕಿನ ವಾಸನೆ ಹಬ್ಬಿತು. ನಾನು ಮುಖ ನೋಡಲಿಲ್ಲ, ಕಿರೀಟ ನೋಡಲಿಲ್ಲ, ನೇರವಾಗಿ ಪಾದ ನೋಡಿದೆ. ಬಲಪಾದದ ಪಕ್ಕ, ಪೀಠದ ಅಂಚಿನಲ್ಲಿ, ರೂಪಾಯಿಯಗಲ ಬಿಳಿ ಹೊಳಪು. ನನ್ನ ಹೆಸರಿಲ್ಲ. ಉಳಿದ ಪಟದಲ್ಲಿ ಹುಡುಕಿದರೂ ಒಂದು ಚುಕ್ಕೆ ಶೈನಿಂಗು ಇಲ್ಲ, ಇರುವುದೆಲ್ಲ ನನ್ನ ಹೆಸರಿನ ಮೇಲೇ ಇತ್ತು. ಸಾಹುಕಾರರನ್ನು ಕೇಳಿದರೆ ಪ್ರೆಸ್ಸಿನವರ ತಪ್ಪಿರಬೇಕು ಮೇಷ್ಟ್ರೇ, ಏನೀಗ, ಅಮ್ಮ ಲಕ್ಷಣವಾಗಿದ್ದಾಳಲ್ಲ ಎಂದರು. ಒಂದು ಪಟ ಸುತ್ತಿಕೊಂಡು ಸ್ಟುಡಿಯೋಕ್ಕೆ ಹೋದೆ. ಅವರು ಅದನ್ನು ಹಿಡಿದು, ವಾಲಿಸಿ ನೋಡಿ, ‘ಹೌದು, ಬಿದ್ದಿದೆ’ ಎಂದು ವಾಪಸ್ಸು ಕೊಟ್ಟರು. ಅಷ್ಟೇ. ಎಲ್ಲಿಂದ ಬಂತು ಎಂದು ಕೇಳಲಿಲ್ಲ. ಯಾರನ್ನೂ ಅನುಮಾನಿಸಲಿಲ್ಲ. ಅಲ್ಲಿಗೆ ನನಗೆ ಖಾತ್ರಿಯಾಯಿತು.

ಖಾತ್ರಿಯಾದದ್ದು ಏನು ಎಂಬುದು ಮಾತ್ರ ವರ್ಷ ವರ್ಷಕ್ಕೂ ಬದಲಾಯಿತು. ಮೊದಮೊದಲು ಹೊಟ್ಟೆಕಿಚ್ಚು ಎಂದುಕೊಂಡೆ. ಪಟ ತೆಗೆದವನಿಗೆ ಹೆಸರಿಲ್ಲ, ಬರೆದವನಿಗೆ ಯಾಕೆ ಎಂಬ ಕಿಚ್ಚು. ಆಮೇಲೆ ಶಿವಕಾಶಿ ನೆನಪಾಯಿತು. ಹೆಸರು ಕಾಣುವ ಮೊದಲ ಸುತ್ತು ಎಲ್ಲಿ ಎಂದು ಕೇಳಿದ್ದಕ್ಕೆ, ಪ್ಲೇಟುಗಳನ್ನು ಕೆರೆದು ಗಾಜನ್ನು ಬೇರೆ ಕೆಲಸಕ್ಕೆ ಹಾಕಿದೆ ಎಂದಿದ್ದರು. ಯಾರು ನಂಬುತ್ತಾರೆ? ಬೆಂಗಳೂರಿಗೆ ಹೋದಾಗಲೆಲ್ಲ ಚಿಕ್ಕಪೇಟೆಯ ಕ್ಯಾಲೆಂಡರ್ ಅಂಗಡಿಗಳನ್ನು ಸುತ್ತಿದೆ. ಕ್ಷೌರದಂಗಡಿ, ಸೈಕಲ್ ಅಂಗಡಿ, ಬೀಡಿ ಅಂಗಡಿ, ಎಲ್ಲಿ ದೇವಿಯ ಪಟ ಕಂಡರೂ ಹತ್ತಿರ ಹೋಗಿ ಪಾದ ನೋಡಿದೆ. ಭಕ್ತಿ ಹೆಚ್ಚಾಯಿತು ಎಂದು ಹೆಂಡತಿ ತಿಳಿದಳು. ಮೂಲ ಪಟವನ್ನಾದರೂ ನೋಡಿ ಸಮಾಧಾನ ಮಾಡಿಕೊಳ್ಳೋಣವೆಂದರೆ ಅದು ಸಾಹುಕಾರರ ಮಗಳ ಜೊತೆ ಹಿಂದೂಪುರದ ಕಡೆ ಗಂಡನ ಮನೆಗೆ ಹೋಗಿಬಿಟ್ಟಿತ್ತು.

ಕಾಫಿ ಮಾತ್ರ ನಿಲ್ಲಲಿಲ್ಲ. ಬಿಟ್ಟರೆ ಎಲ್ಲಿ ತಪ್ಪಿಸಿಕೊಳ್ಳುತ್ತಾರೋ ಎಂದು ನಾನು ಹೋಗುತ್ತಿದ್ದೆ. ಈ ನಡುವೆ ಇನ್ನೊಂದು ಸುದ್ದಿ ಬಂತು. ಆ ಬಿಳಿ ಮಚ್ಚೆ ನೋಡಿದ ಬೆಂಗಳೂರಿನ ಪ್ರೆಸ್ಸಿನವರು ಇವರ ಕೈಚಳಕ ಹೋಯಿತು ಎಂದು ಮಾತಾಡಿಕೊಂಡರಂತೆ. ಪಟದ ಕೆಲಸಕ್ಕೆ ಇವರನ್ನು ಕರೆಯುವುದು ನಿಂತಿತು. ದೊಡ್ಡ ಕ್ಯಾಮರಾ ಮೂಲೆ ಸೇರಿತು. ಸಣ್ಣ ಕ್ಯಾಮರಾ ಇಟ್ಟುಕೊಂಡು ಶಾಲೆಯ ಮಕ್ಕಳ, ಕೆಲಸಕ್ಕೆ ಅರ್ಜಿ ಹಾಕುವವರ ಸಣ್ಣ ಸಣ್ಣ ಫೋಟೋ ತೆಗೆಯತೊಡಗಿದರು. ಕೇಳಿ ನನಗೆ ಸಂತೋಷವೇ ಆಯಿತು. ಮಾಡಿದ್ದುಣ್ಣಲಿ ಎಂದುಕೊಂಡೆ.

ಹೀಗಿರುವಾಗ ಒಮ್ಮೆ ಚುನಾವಣೆಯ ಕೆಲಸಕ್ಕೆಂದು ನಮ್ಮನ್ನು ಸಾಸಲು ಎಂಬ ಹಳ್ಳಿಗೆ ಹಾಕಿದರು. ಅಲ್ಲಿ ಒಬ್ಬ ರೈತರ ಮನೆಯಲ್ಲಿ ಉಳಿದುಕೊಂಡೆ. ಬೆಳಿಗ್ಗೆ ಎದ್ದು ನೋಡಿದರೆ ನಡುಮನೆಯ ಗೋಡೆಯಲ್ಲಿ ನನ್ನ ಅಮ್ಮ. ಯಾರದೋ ಮದುವೆಗೆ ಸೀರೆ ತಂದಾಗ ಕೊಟ್ಟಿದ್ದರಂತೆ, ಚೌಕಟ್ಟು ಹಾಕಿಸಿದ್ದರು. ಮನೆಯ ಹೆಂಗಸು ಸ್ನಾನ ಮಾಡಿ ಬಂದು ಹೂವಿಟ್ಟರು, ಅಮ್ಮನವರ ಹಣೆಗೆ ಕುಂಕುಮ ಇಟ್ಟರು. ಆಮೇಲೆ ಬಗ್ಗಿ, ಬೆರಳನ್ನು ಮತ್ತೆ ಬಟ್ಟಲಿಗೆ ಅದ್ದಿ, ಆ ಬಿಳಿ ಮಚ್ಚೆಯ ಮೇಲೆ ಒತ್ತಿ ಒಂದು ಬೊಟ್ಟಿಟ್ಟು ಕಣ್ಣಿಗೊತ್ತಿಕೊಂಡರು. ಅಲ್ಯಾಕಮ್ಮಾ ಎಂದು ಕೇಳಿದೆ.

‘ಅದು ಅಮ್ಮನ ಪಾದದ ಬೆಳಕಲ್ವಾ ಸ್ವಾಮಿ. ಈ ಪಟ ಇರೋರೆಲ್ಲ ಅಲ್ಲೇ ಇಡೋದು’ ಎಂದರು.

ನನ್ನ ಹೆಸರು ನುಂಗಿದ ಮಚ್ಚೆಗೆ ಪೂಜೆ! ಚುನಾವಣೆ ಮುಗಿಸಿ ಬಸ್ಸಿಳಿದವನು ಮನೆಗೂ ಹೋಗದೆ ಸ್ಟುಡಿಯೋಕ್ಕೆ ಹೋದೆ. ಅವರು ಒಬ್ಬರೇ ಕೂತು ಸಣ್ಣ ಫೋಟೋಗಳ ಅಂಚು ಕತ್ತರಿಸುತ್ತಿದ್ದರು. ನಿಮ್ಮ ಹಾಳು ಕೆಲಸಕ್ಕೆ ಸಾಸಲಿನಲ್ಲಿ ಮಂಗಳಾರತಿ ನಡೀತಿದೆ ಎಂದು ಕೂಗಾಡಿ, ಕಂಡದ್ದನ್ನೆಲ್ಲ ಹೇಳಿದೆ. ಅವರು ಕತ್ತರಿ ಕೆಳಗಿಟ್ಟರು. ಬೊಟ್ಟು ಸರಿಯಾಗಿ ಎಲ್ಲಿಟ್ಟರು ಎಂದು ಕೇಳಿದರು. ಅಂಚಿಗೋ, ನಡುವಿಗೋ? ನಡುವಿಗೇ ಎಂದೆ. ಒಂದೇ ಮನೆಯಲ್ಲೋ, ಎಲ್ಲರೂ ಹಾಗೇನೋ? ಎಲ್ಲರೂ ಹಾಗೇ ಅಂತೆ ಎಂದೆ.

ಅವರು ನಗಲಾರಂಭಿಸಿದರು. ಅಷ್ಟು ವರ್ಷದಲ್ಲಿ ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ನಕ್ಕು ನಕ್ಕು ಕೆಮ್ಮು ಬಂದು, ನೀರು ಕುಡಿದು, ಆಮೇಲೆ ಹೇಳಿದರು.

‘ಅವತ್ತು ಸಾಹುಕಾರ್ರು ನನ್ನ ಆಚೆ ಕರೆದ್ರಲ್ಲ, ಮೇಷ್ಟ್ರ ಹೆಸರು ಕೆರೆದು ತೆಗೆದುಬಿಡಿ ಅಂದ್ರು. ಪೂಜೆಗಿಡೋ ಪಟ, ಅಮ್ಮನ ಪಾದಕ್ಕೆ ಕುಂಕುಮ ಇಡೋರು ಮೇಷ್ಟ್ರ ಹೆಸರಿಗೂ ಇಡ್ಬೇಕಾ ಅಂದ್ರು.’

‘ನೀವೇನಂದ್ರಿ?’

‘ಆಗ್ಲಿ ಅಂದೆ. ಪ್ಲೇಟಲ್ಲಿ ಒಂದು ಹೆಸರು ಕೆರೆಯೋದು ಎಷ್ಟೊತ್ತಿನ ಕೆಲಸ? ಕೈ ಬರ್ಲಿಲ್ಲ ಮೇಷ್ಟ್ರೇ. ಅದಕ್ಕೇ ದೀಪ ಜರುಗಿಸ್ದೆ. ನಿಮ್ಮ ಹೆಸರು ಅಲ್ಲೇ ಇದೆ. ಮೇಲೆ ಬೆಳಕು ಬಿದ್ದಿದೆ, ಅಷ್ಟೆ.’

ನನಗೆ ಆಗಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಹೇಳಿದ್ದರೆ ನೀವು ಪಟ ಹೊತ್ತುಕೊಂಡು ಮನೆಗೆ ಹೋಗುತ್ತಿದ್ದಿರಿ, ಅದರ ಫೋಟೋ ನಾನು ತೆಗೆಯಲೇಬೇಕಿತ್ತು ಎಂದರು. ಅದು ನಿಜ. ಹೊತ್ತುಕೊಂಡು ಹೋಗುತ್ತಿದ್ದೆ. ನನ್ನ ಹೆಸರಿಗಿಂತ ಅವರಿಗೆ ಅವರ ಕೆಲಸ ದೊಡ್ಡದಾಗಿತ್ತು ಎಂದು ಸಿಟ್ಟು ಬಂತು. ಅದೇ ಕೆಲಸದ ಮೇಲೆ ತಾವೇ ಮಚ್ಚೆ ಬೀಳಿಸಿಕೊಂಡು, ಪ್ರೆಸ್ಸಿನವರ ಬಾಯಿಗೆ ಬಿದ್ದು, ಒಂದು ಮಾತೂ ಆಡದೆ ಇದ್ದರಲ್ಲ ಎಂದು ಇನ್ನೇನೋ ಅನ್ನಿಸಿತು.

ಹೆಂಗಸರು ಬೆಳಕು ಕಂಡಲ್ಲೇ ಕುಂಕುಮ ಇಡುತ್ತಾರೆಂದು ಮೊದಲೇ ಗೊತ್ತಿತ್ತೇ ಎಂದು ಮಾತ್ರ ಕೇಳಿದೆ. ಅವರು ಮತ್ತೆ ಕತ್ತರಿ ಎತ್ತಿಕೊಂಡು, ‘ಸಾಹುಕಾರ್ರಿಗೆ ಹೇಳ್ಬೇಡಿ’ ಎಂದರು.

ಮನೆಗೆ ಬಂದು ಮಲಗಿದ ಮೇಲೆ ಹಳೆಯ ಚಾಳಿ ಮರುಕಳಿಸಿತು. ಕಥೆ ಬಲು ಚೆನ್ನಾಗಿದೆ, ಆದರೆ ಸಾಸಲಿನ ಸುದ್ದಿ ನಾನು ಹೇಳಿದ ಮೇಲೆ ಅಲ್ಲವೇ ಅವರು ಇದನ್ನು ಹೇಳಿದ್ದು? ಕುಂಕುಮದ ಮಾತನ್ನು ಸಾಹುಕಾರರ ಬಾಯಿಗೆ ಅವರೇ ಹಾಕಿರಬಾರದೇಕೆ? ಸಾಹುಕಾರರನ್ನೇ ಕೇಳಿದರೆ ತೀರುತ್ತಿತ್ತು. ಹೇಳಬೇಡಿ ಎಂದು ಅವರು ಬಾಯಿ ಕಟ್ಟಿಹಾಕಿದ್ದರು, ಅದೂ ಉಪಾಯವೇ ಇರಬೇಕು ಎಂದುಕೊಂಡೆ. ಅವರು ಬದುಕಿರುವ ತನಕ ಈ ಅನುಮಾನ ಹೋಗಲಿಲ್ಲ. ಹೋಗಬೇಕೆಂದು ನನಗೇ ಇಷ್ಟವಿರಲಿಲ್ಲವೋ ಏನೋ, ಕಾಫಿಗೆ ಕೂತಾಗ ಅದನ್ನೇ ಮೆಲುಕು ಹಾಕುತ್ತಿದ್ದೆ.

ಅವರು ಹೋದ ಮೇಲೆ ಬಂದ ದೀಪಾವಳಿಯಲ್ಲಿ ಹೆಂಡತಿಗೆ ಸೀರೆ ತರಲು ಸಾಹುಕಾರರ ಅಂಗಡಿಗೆ ಹೋದೆ. ಅವರಿಗೂ ವಯಸ್ಸಾಗಿತ್ತು, ಕಣ್ಣು ಮಂಜು. ಅಂಗಡಿಯ ಪೂಜೆಗೆ ಅಣಿಯಾಗಿ ಬಟ್ಟಲು ಹಿಡಿದು ನಿಂತಿದ್ದರು. ಗೋಡೆಯಲ್ಲಿ ಅದೇ ಪಟ. ಅದರಲ್ಲಿ ನನ್ನ ಹೆಸರು ಯಾಕೆ ಬರಲಿಲ್ಲ ಸಾಹುಕಾರ್ರೇ ಎಂದು, ಸುಮ್ಮನೆ ಮಾತಿಗೆ ಕೇಳುವವನ ಹಾಗೆ ಕೇಳಿದೆ.

‘ನಾನೇ ಬೇಡ ಅಂದಿದ್ದೆ ಮೇಷ್ಟ್ರೇ. ಕುಂಕುಮ ಇಡೋ ಜಾಗ, ಮನುಷ್ಯರ ಹೆಸರು ಇರ್ಬಾರ್ದು ಅಂತ. ತಪ್ಪು ತಿಳ್ಕೋಬೇಡಿ’ ಎಂದು ಹೇಳಿ, ಅಮ್ಮನವರ ಹಣೆಗೆ ಕುಂಕುಮ ಇಟ್ಟರು. ಆಮೇಲೆ ಕಷ್ಟಪಟ್ಟು ಬಗ್ಗಿ, ಮಂಜುಗಣ್ಣಿಗೆ ಮಸುಕಾಗಿ ಕಾಣುತ್ತಿದ್ದ ಆ ಬೆಳಕನ್ನು ಬೆರಳಿನಿಂದ ತಡವಿ ಹುಡುಕಿ, ಅದರ ನಡುವೆ ಸರಿಯಾಗಿ ಒಂದು ಬೊಟ್ಟಿಟ್ಟು, ಎರಡೂ ಕೈ ಮುಗಿದರು.

ನಾನು ಸೀರೆಯ ಮಾತು ಮರೆತು ಅಂಗಡಿಯಿಂದ ಇಳಿದೆ. ಇದನ್ನು ಅವರಿಗೆ ಹೇಳದೆ ಇರಲಾಗದು ಎಂದು ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಗೆ ಅರ್ಧ ಓಡುತ್ತಲೇ ಹೋದೆ. ಸ್ಟುಡಿಯೋ ಇದ್ದಲ್ಲಿ ಯಾರೋ ಹೊಲಿಗೆ ಮೆಷಿನ್ ಹಾಕಿಕೊಂಡು ಕೂತಿದ್ದರು. ಏನು ಬೇಕಿತ್ತು ಸ್ವಾಮಿ ಎಂದು ಕೇಳಿದರು. ಏನೂ ಇಲ್ಲ ಎಂದು ಹೇಳಲು ಹೋದೆ, ಅಳು ಬಂದುಬಿಟ್ಟಿತು.